ಎಷ್ಟಕ್ಕೆ ಮೂರೂವರೆ ಪಟ್ಟು?

ಪ್ರಿಯರೇ,

ನಿವೃತ್ತ ವೃತ್ತಿಪರ ಫುಟ್‌ಬಾಲ್ ಆಟಗಾರರ ಆರೋಗ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ಸಲೀಸು. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಕಾರಣ ಎರಡನೇ ಪುಟದಲ್ಲಿದೆ.

“ಮಾಜಿ ಆಟಗಾರರು ಮಿದುಳಿನ ಕಾಯಿಲೆಯಿಂದ ಸಾಯುವ ಸಂಭವ ಮೂರೂವರೆ ಪಟ್ಟು ಹೆಚ್ಚು.” ಯಾರಿಗೆ ಹೋಲಿಸಿ? ಎಷ್ಟಕ್ಕೆ ಮೂರೂವರೆ ಪಟ್ಟು? 2019ರಲ್ಲಿ ಗ್ಲಾಸ್ಗೋದ ಮಿದುಳುರೋಗ ಸಂಶೋಧಕ ವಿಲ್ಲಿ ಸ್ಟೀವರ್ಟ್ ತಂಡ ಸ್ಕಾಟ್ಲೆಂಡಿನ 7,676 ಮಾಜಿ ಆಟಗಾರರ ದಾಖಲೆಗಳನ್ನು 23,028 ಸಾಮಾನ್ಯ ಜನರ ದಾಖಲೆಗಳ ಜೊತೆ ಇಟ್ಟು ನೋಡಿತು. ನರಕ್ಷಯದ ಕಾಯಿಲೆಯೇ (ಡಿಮೆನ್ಷಿಯಾದಂತೆ ಮಿದುಳಿನ ನರಕೋಶಗಳು ನಶಿಸುತ್ತಾ ಹೋಗುವ ಕಾಯಿಲೆ) ಸಾವಿನ ಮುಖ್ಯ ಕಾರಣವಾಗಿದ್ದದ್ದು ಆಟಗಾರರಲ್ಲಿ ಶೇ. 1.7, ಉಳಿದವರಲ್ಲಿ ಶೇ. 0.5. ಆಗಿನ್ನೂ ಬಹುಪಾಲು ಆಟಗಾರರು ಬದುಕಿದ್ದರು, ಆದ್ದರಿಂದ ಈ ಅಂಕಿ ಮುಂದೆ ಏರುತ್ತದೆ, ನಿಜ. ಆದರೆ ನಿಮ್ಮ ಮುಂದಿನ ಸಾಲು “ಅಂದರೆ ಮೂವರಲ್ಲಿ ಒಬ್ಬರಿಗೆ ಈ ಗತಿ” ಎನ್ನುತ್ತದೆ. ಅದಕ್ಕೆ ಆ ಅಧ್ಯಯನದಲ್ಲಿ ಆಧಾರವೇ ಇಲ್ಲ. ಓದುವ ಮಾಜಿ ಆಟಗಾರನ ಹೆಂಡತಿ ಮಕ್ಕಳು ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ನಾನು ಕೆಲಸ ಕಲಿತ ಕಡೆ ‘ಪಟ್ಟು’ ಎಂದು ಬರೆದರೆ ಪಕ್ಕದಲ್ಲೇ ಮೂಲ ಅಂಕಿ ಇರಲೇಬೇಕಿತ್ತು. ಇಲ್ಲದಿದ್ದರೆ ಹಿರಿಯರು ಅಂಚಿನಲ್ಲಿ ‘ಎಷ್ಟಕ್ಕೆ?’ ಎಂದಷ್ಟೇ ಬರೆದು ವಾಪಸು ಕೊಡುತ್ತಿದ್ದರು. ಅದೇ ಅಧ್ಯಯನದಲ್ಲಿ ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಆಟಗಾರರಲ್ಲೇ ಕಡಿಮೆ. ಅದನ್ನೂ ಬಿಟ್ಟಿದ್ದೀರಿ.

ಆಮೇಲೆ: “ಕಾರಣ ಹೆಡ್ಡರ್, ಬೇರೇನೂ ಅಲ್ಲ.” ಇಷ್ಟು ಖಡಾಖಂಡಿತ ಬೇಡ. ಈ ದಾಖಲೆಗಳಲ್ಲಿ ಯಾರೂ ಹೆಡ್ಡರ್, ಅಂದರೆ ಚೆಂಡನ್ನು ತಲೆಯಿಂದ ಹೊಡೆದದ್ದನ್ನು, ಎಣಿಸಿಲ್ಲ. 2021ರ ಮುಂದುವರಿದ ವಿಶ್ಲೇಷಣೆಯಲ್ಲಿ ಅಪಾಯ ಅತಿ ಹೆಚ್ಚು ಕಂಡದ್ದು ಡಿಫೆಂಡರ್‌ಗಳಲ್ಲಿ, ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳಲ್ಲಿ ಸ್ಪಷ್ಟ ಏರಿಕೆಯೇ ಇಲ್ಲ. 2023ರ ಸ್ವೀಡನ್ ಅಧ್ಯಯನದಲ್ಲಿ ಒಟ್ಟು ಏರಿಕೆ ಒಂದೂವರೆ ಪಟ್ಟು, ಅಲ್ಲೂ ಗೋಲ್‌ಕೀಪರ್‌ಗಳಲ್ಲಿ ಸ್ಪಷ್ಟ ಏರಿಕೆ ಕಾಣಲಿಲ್ಲ. ಚೆಂಡಿಗೆ ತಲೆ ಕೊಡುವವರಿಗೂ ಕೊಡದವರಿಗೂ ಇರುವ ಈ ಅಂತರವನ್ನು ಬರೆದರೆ ಸಾಕು, ನಿಮ್ಮ ವಾದ ಇನ್ನೂ ಗಟ್ಟಿಯಾಗುತ್ತದೆ.

ನನಗೆ ಸಿಟ್ಟು ತರಿಸಿದ್ದು ಮಾತ್ರ ಕೊನೆಯ ಸಾಲು: “ಮಂಡಿನೋವು ವಯಸ್ಸಾದಂತೆ ಎಲ್ಲರಿಗೂ ಬರುವುದೇ.” ಬ್ರಿಟನ್ನಿನ 2018ರ ಅಧ್ಯಯನವೊಂದರಲ್ಲಿ ಮಾಜಿ ಆಟಗಾರರ ಪೈಕಿ ಮಂಡಿ ಬದಲಿಸಿಕೊಂಡವರು ಶೇ. 11ರಷ್ಟು, ಸಾಮಾನ್ಯ ಗಂಡಸರಲ್ಲಿ ಶೇ. 4ಕ್ಕಿಂತ ಕಡಿಮೆ. ಮೆನಿಸ್ಕಸ್ ಮಂಡಿಯ ಮೇಲಿನ ಭಾರ ಹಂಚುವ ಮೆತ್ತೆ. ಅದು ಹರಿದಾಗ ಕತ್ತರಿಸಿ ತೆಗೆದರೆ ಅದೇ ಭಾರ ಮೃದ್ವಸ್ಥಿಯ ಸಣ್ಣ ಜಾಗದ ಮೇಲೆ ಬೀಳುತ್ತದೆ, ಕೀಲು ವರ್ಷಗಟ್ಟಲೆ ಸವೆಯುತ್ತಾ ಹೋಗುತ್ತದೆ. ನೋವು ಮರೆಸುವ ಇಂಜೆಕ್ಷನ್ ಹಾಕಿಸಿಕೊಂಡು ಆಡಿದರೆ ದೇಹ ಕೊಡುವ ಎಚ್ಚರಿಕೆಯೂ ಕೇಳಿಸುವುದಿಲ್ಲ. ನಡುವಯಸ್ಸಿಗೇ ಕೃತಕ ಕೀಲು ಹಾಕಿಸಿದವರು ಮುಂದೆ ಅದನ್ನೂ ಬದಲಿಸಬೇಕಾಗುವ ಸಂಭವ ಹೆಚ್ಚು.

ನೀವು ಮಾತಾಡಿಸಿದ ಆಟಗಾರರನ್ನು ಮತ್ತೆ ಕೇಳಿ: ಯಾವ ಶಸ್ತ್ರಚಿಕಿತ್ಸೆ, ಮೆನಿಸ್ಕಸ್ ಹೊಲಿದರೋ ತೆಗೆದರೋ, ಎಷ್ಟು ವಾರಕ್ಕೆ ಮೈದಾನಕ್ಕೆ ಮರಳಿದರು, ಇಂಜೆಕ್ಷನ್ ಯಾರ ಒತ್ತಾಯಕ್ಕೆ. ಎರಡನೇ ಪುಟ ಹೊಸದಾಗಿ ಬರೆಯಿರಿ, ಮಂಡಿಗೆ ಕನಿಷ್ಠ ಎರಡು ಪ್ಯಾರಾ ಕೊಡಿ. ಕಳಿಸಿದರೆ ಖಂಡಿತ ಓದುತ್ತೇನೆ.