ಎಳ್ಳು ಬೀರುವವರಿಲ್ಲದ ಮನೆ: ಒಂದು ಆಪ್ತಸಲಹೆ ಪ್ರಕರಣ

ವ್ಯಕ್ತಿಯ ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಜನವರಿಯ ಮೊದಲ ವಾರದಲ್ಲಿ ಶಿವಮೊಗ್ಗದ ನನ್ನ ಕೊಠಡಿಗೆ ಅರವತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರು ಮಗಳೊಂದಿಗೆ ಬಂದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆತನದವರು; ಈಗ ನಗರದಲ್ಲಿ ಒಬ್ಬರೇ ಇದ್ದಾರೆ. ಪತ್ನಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ವರ್ಷಾಂತಿಕ ಮುಗಿಯುವವರೆಗೆ ಹಬ್ಬ ಮಾಡುವ ಪದ್ಧತಿ ಅವರಲ್ಲಿ ಇಲ್ಲದ್ದರಿಂದ ಹಿಂದಿನ ಚಳಿಗಾಲ ಹೇಗೋ ಕಳೆದಿತ್ತು. ಈ ವರ್ಷ ಆ ಆಸರೆಯೂ ಉಳಿದಿರಲಿಲ್ಲ. ಸಂಕ್ರಾಂತಿಗೆಂದು ಮಗಳು ಬೆಂಗಳೂರಿನಿಂದ ಎಳ್ಳು-ಬೆಲ್ಲದ ಪೊಟ್ಟಣ ತಂದಿದ್ದಳು. “ಅಪ್ಪಯ್ಯ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು, ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ” ಎಂದು ಹೇಳುವಾಗ ಅವಳ ಕಣ್ಣು ತುಂಬಿತ್ತು. ತಂದೆ ಹೇಳಿದ್ದು ಒಂದೇ ಮಾತು: “ಬೀರುವವಳೇ ಇಲ್ಲದ ಮೇಲೆ ಎಳ್ಳು ಯಾಕೆ ಮೇಡಂ?”

ಮೊದಲು ನಿದ್ರೆ, ಹಸಿವು, ದಿನಚರಿಗಳನ್ನು ವಿಚಾರಿಸಿದೆ. ಬದುಕುವುದೇ ಬೇಡವೆನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಹಲವರಲ್ಲಿದೆ, ಆ ಭಯಕ್ಕೆ ಆಧಾರವಿಲ್ಲ. ಅಗಲಿಕೆಯ ದುಃಖ ತಿಂಗಳುಗಟ್ಟಲೆ ಒಂದಿಷ್ಟೂ ಸಡಿಲವಾಗದೆ ದಿನನಿತ್ಯದ ಬದುಕನ್ನೇ ನಿಲ್ಲಿಸಿಬಿಟ್ಟರೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ವೈದ್ಯಶಾಸ್ತ್ರ ಇಂದು ಒಪ್ಪುತ್ತದೆ. ಇವರ ಸ್ಥಿತಿ ಹಾಗಿರಲಿಲ್ಲ. ವರ್ಷವಿಡೀ ಓದು, ನಡಿಗೆ, ಅಡುಗೆ ಎಲ್ಲವೂ ನಡೆದಿದ್ದು, ಧನುರ್ಮಾಸ ಕಾಲಿಟ್ಟ ಮೇಲೆಯೇ ಅವರು ಕುಸಿದಿದ್ದರು. ಆದರೂ ಮನೋವೈದ್ಯರನ್ನು ಕಾಣಬೇಕಾದ ಸೂಚನೆಗಳೇನೆಂದು ಇಬ್ಬರಿಗೂ ವಿವರಿಸಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಅನಂತರ, ನಿಮ್ಮ ಮನೆಯ ಚಳಿಗಾಲ ಹೇಗಿರುತ್ತಿತ್ತು ಎಂದು ಕೇಳಿದೆ. ಎಳ್ಳಮಾವಾಸ್ಯೆಯಂದು ತೀರ್ಥಹಳ್ಳಿಯ ರಾಮತೀರ್ಥದಲ್ಲಿ ತುಂಗೆಯ ಸ್ನಾನ, ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ಮೆಣಸು-ಜೀರಿಗೆಯ ಹುಗ್ಗಿ, ರಾತ್ರಿ ನೆರೆಹೊರೆಯವರೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗಿನ ಮಾತುಕತೆ. ಇವನ್ನೆಲ್ಲ ಅವರು ಬೇರೆ ಯಾರದೋ ಮನೆಯ ಸಂಗತಿಯೆಂಬಂತೆ ಹೇಳುತ್ತ ಹೋದರು. ಎಳ್ಳಿನ ವಿಷಯಕ್ಕೆ ಬಂದಾಗ ಮಾತ್ರ ದನಿ ಬದಲಾಯಿತು. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಪತ್ನಿ ಒಣಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಒಂದೇ ಅಳತೆಯಲ್ಲಿ ಸಣ್ಣಗೆ ಹೆಚ್ಚಿ, ತೆಳುವಾದ ಬಟ್ಟೆ ಮುಚ್ಚಿ ಅಂಗಳದ ಬಿಸಿಲಿಗಿಡುತ್ತಿದ್ದರಂತೆ. “ಸಂಜೆ ನಾನು ಎದುರಿಗೆ ಕೂತು ಅಡಕತ್ತರಿಯಲ್ಲಿ ಬೆಲ್ಲ ಕತ್ತರಿಸುತ್ತಿದ್ದೆ. ಅಚ್ಚುಬೆಲ್ಲ ಗಟ್ಟಿ ನೋಡಿ, ಅವಳ ಕೈಗೆ ಆಗುತ್ತಿರಲಿಲ್ಲ.”

ನಾನು ಅಲ್ಲಿಯೇ ತಡೆದು, ಎಷ್ಟು ವರ್ಷ ಹಾಗೆ ಕತ್ತರಿಸಿದಿರಿ ಎಂದು ಕೇಳಿದೆ. ಲೆಕ್ಕ ಹಾಕಿ ಮೂವತ್ತಮೂರು ಎಂದರು. ಹೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. ಹಬ್ಬವೆಂದರೆ ಪೂರ್ತಿ ಹೆಂಡತಿಯದು, ಅವಳೊಂದಿಗೇ ಹೋಯಿತು ಎಂದು ಅವರು ನಂಬಿದ್ದರು. ಅದರಲ್ಲಿ ಅವರ ಸ್ವಂತ ಕೈಯ ಪಾಲೊಂದು ಇತ್ತೆಂಬುದನ್ನು ಅದುವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಆ ಪಾಲನ್ನೇ ಹಿಡಿದು ಹೊರಟಿತು. ಈ ವರ್ಷ ಬೆಲ್ಲ ಮಾತ್ರ ಕತ್ತರಿಸಿ. ಹುಗ್ಗಿ, ಕಬ್ಬು, ಸಕ್ಕರೆ ಅಚ್ಚು ಎಲ್ಲವನ್ನೂ ಹಾಗೆಯೇ ಬಿಡಿ. ಮಗಳು ತಂದ ಪೊಟ್ಟಣವನ್ನು ಹೊರಗೆ ತೆಗೆದು, ಅದರಲ್ಲಿರುವ ಬೆಲ್ಲವನ್ನು ಆರಿಸಿ ಬೇರೆಯಿಟ್ಟು, ನಿಮ್ಮ ಬೆಲ್ಲ ಬೆರೆಸಿ. ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರುವುದು ಹೆಂಗಸರ, ಹೆಣ್ಣುಮಕ್ಕಳ ರೂಢಿಯೆಂದು ಅವರಿಗೆ ಸಂಕೋಚವಿತ್ತು. ಆ ಸಂಕೋಚವನ್ನು ಮುರಿಯಿರೆಂದು ನಾನು ಒತ್ತಾಯಿಸಲಿಲ್ಲ, ಬೆಳಗಿನ ನಡಿಗೆಯ ಹಾದಿಯಲ್ಲಿ ಎರಡು ಮನೆಗೆ ಪೊಟ್ಟಣ ಕೊಟ್ಟು ಬಂದರೆ ಸಾಕೆಂದೆ. ಮಗಳಿಗೆ, ಅಪ್ಪಯ್ಯನನ್ನು ಹಬ್ಬಕ್ಕೆ ಬೆಂಗಳೂರಿಗೆ ಕರೆದೊಯ್ಯುವ ಯೋಚನೆ ಈ ಸಲ ಬಿಡಿ, ಅವರು ಬೆಲ್ಲ ಕತ್ತರಿಸುವ ಹೊತ್ತಿಗೆ ನೀವು ಫೋನಿನಲ್ಲಿರಿ ಎಂದೆ. ಕತ್ತರಿಸುವಾಗ ಅಳು ಬಂದರೆ ಬರಲಿ, ಬೇಸರವಾದರೆ ಎದ್ದು ಹೋಗಿ ಟೀವಿ ನೋಡಿ ಎಂದೂ ತಂದೆಗೆ ಹೇಳಿದೆ. ಸ್ಟ್ರೋಬ್ ಮತ್ತು ಶುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ವಿವರಿಸಿದಂತೆ, ದುಃಖದೊಳಗೆ ಇಳಿಯುವುದು, ಅದರಿಂದ ಹೊರಬಂದು ಬದುಕಿನ ಕೆಲಸಕ್ಕೆ ತಿರುಗುವುದು, ಹೀಗೆ ಎರಡರ ನಡುವೆ ಓಡಾಡುತ್ತಲೇ ಮನಸ್ಸು ಹೊಂದಿಕೊಳ್ಳುತ್ತದೆ. ಇದನ್ನು ನನ್ನ ಕೊಠಡಿಯಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ತಿಂಗಳ ಕೊನೆಗೆ ಅವರು ಒಬ್ಬರೇ ಬಂದರು. ಮೇಜಿನ ಮೇಲಿಟ್ಟ ಸ್ಟೀಲ್ ಡಬ್ಬಿಯಲ್ಲಿ ಬೆಲ್ಲದ ಚೂರುಗಳು ಒಂದು ದೊಡ್ಡದು, ಒಂದು ಚಿಕ್ಕದು. ಅರ್ಧ ಕೆಜಿಗೆ ಮೂರು ಸಂಜೆ ಹಿಡಿಯಿತಂತೆ. ಮೊದಲ ಸಂಜೆ ಹತ್ತೇ ನಿಮಿಷಕ್ಕೆ ಎದ್ದುಬಿಟ್ಟಿದ್ದರಂತೆ. ಫೋನಿನಲ್ಲಿ ಮಾತಾಡುವಾಗ, ಕೊಬ್ಬರಿ ಹೆರೆಯುವುದನ್ನು ಅಮ್ಮ ತನಗೆ ಕಲಿಸಿದ್ದಾಳೆಂದು ಮಗಳು ಹೇಳಿದಳಂತೆ, ಅದು ಅವರಿಗೆ ಗೊತ್ತೇ ಇರಲಿಲ್ಲ. ಮುಂದಿನ ವರ್ಷ ಹಬ್ಬಕ್ಕೆ ವಾರ ಮೊದಲೇ ಬರಲು ಅವಳಿಗೆ ಹೇಳಿದ್ದೇನೆ ಎಂದರು. ಹೊರಡುವಾಗ, ಡಬ್ಬಿ ವಾಪಸು ಕೊಡುವಿರಂತೆ ಎಂದು ಹೇಳಿ ಅಲ್ಲಿಯೇ ಬಿಟ್ಟು ಹೋದರು.