ಹಣತೆಯ ಬೆಳಕಿನಲ್ಲಿ ಕಪ್ಪು-ಬಿಳುಪು ಫಿಲ್ಮ್: 400ರ ರೋಲನ್ನು 3200ಕ್ಕೆ ಪುಶ್ ಮಾಡಿದರೆ ಸಾಕೇ?

ಉಡುಪಿಯ ರಥಬೀದಿಯಲ್ಲಿ ಲಕ್ಷದೀಪೋತ್ಸವದ ರಾತ್ರಿ ಫ್ಲ್ಯಾಶ್ ಬಳಸದೆ, ಹಣತೆಯ ಬೆಳಕಿನಲ್ಲೇ ಚಿತ್ರ ತೆಗೆಯಲು ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು 3200ಕ್ಕೆ ಪುಶ್ ಮಾಡಿದರೆ, ಅಂದರೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 400ರ ಫಿಲ್ಮನ್ನು 3200ರದೆಂದು ಎಣಿಸಿ ಕಡಿಮೆ ಬೆಳಕು ಕೊಟ್ಟು, ಬಿಂಬ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟರೆ, ನೆರಳಿನ ವಿವರಗಳೂ ಮೂಡುತ್ತವೆಯೇ ಎಂದು ಕೇಳಿದ್ದೀರಿ. ಮೂಡುವುದಿಲ್ಲ. ಬೆಳಕೇ ತಾಗದ ಜಾಗದಲ್ಲಿ ಡೆವಲಪರ್ ಎಷ್ಟು ಹೊತ್ತು ಕೆಲಸ ಮಾಡಿದರೂ ಬೆಳ್ಳಿಯ ಬಿಂಬ ಹುಟ್ಟದು. ಹೆಚ್ಚು ಹೊತ್ತು ಡೆವಲಪ್ ಮಾಡಿದಾಗ ಮೇಲೇಳುವುದು ಹಣತೆಯ ಹತ್ತಿರದ ಮುಖ, ಬಿಳಿ ಪಂಚೆ, ದೀಪದ ಸುತ್ತಲಿನ ಕಲ್ಲು ಇಂಥವೇ ಆದ್ದರಿಂದ ಕಾಂಟ್ರಾಸ್ಟ್ ಏರುತ್ತದೆ, ಕತ್ತಲೆ ಮಾತ್ರ ಹಾಗೆಯೇ ಉಳಿಯುತ್ತದೆ.

ಹೀಗಾಗಿ ನನ್ನ ಸಲಹೆ 1600. ಹಣತೆಗಳಿಗೆ ಬಹಳ ಹತ್ತಿರವಿರುವ ಮುಖಕ್ಕೆ ಈ ಲೆಕ್ಕದಲ್ಲಿ ಎಫ್/2, 1/60 ಸೆಕೆಂಡಿನ ಆಸುಪಾಸಿನ ಎಕ್ಸ್‌ಪೋಶರ್ ಸಿಗುತ್ತದೆ. ಒಂದು ಹೆಜ್ಜೆ ಹಿಂದೆ ಸರಿದರೂ ಬೆಳಕು ಬೇಗನೆ ಇಳಿಯುವುದರಿಂದ 1/30ಕ್ಕೆ ಕೈ ನಿಲ್ಲಿಸಲು ಕಲಿತಿರಬೇಕು. ಜ್ವಾಲೆಯನ್ನು ಫ್ರೇಮಿನಿಂದ ಹೊರಗಿಟ್ಟು ಕೆನ್ನೆಯನ್ನಷ್ಟೇ ಮೀಟರ್ ಮಾಡಿ. ಎಣ್ಣೆದೀಪದ ಬೆಳಕಿನಲ್ಲಿ ಕೆಂಪಿನ ಪಾಲು ಹೆಚ್ಚಾದ್ದರಿಂದ ಫಿಲ್ಮಿನ ವೇಗ ಸ್ವಲ್ಪ ಕುಗ್ಗುತ್ತದೆ. ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕಿನ ಇಮ್ಮಡಿ) ಹೆಚ್ಚಿಗೆ ಕೊಡುವುದು ಒಳ್ಳೆಯದು. ಖರ್ಚು ಅಡ್ಡಿಯಾಗದಿದ್ದರೆ ಇಲ್ಫರ್ಡಿನದೇ ಡೆಲ್ಟಾ 3200 ಫಿಲ್ಮ್ ಕೊಳ್ಳಬಹುದು. ಅದರ ನಿಜವಾದ ಐಎಸ್‌ಒ ಸುಮಾರು 1000 ಮಾತ್ರ. ಆದರೂ ಪುಶ್ ಮಾಡುವುದಕ್ಕೆಂದೇ ಕಾಂಟ್ರಾಸ್ಟನ್ನು ಮೃದುವಾಗಿಟ್ಟು ತಯಾರಿಸಿದ ಫಿಲ್ಮ್ ಅದು.

ನಮ್ಮ ಕರಾವಳಿಯಲ್ಲಿ ನಿಜವಾದ ಕಷ್ಟ ಎದುರಾಗುವುದು ಡೆವಲಪ್ ಮಾಡುವಾಗ. 1600ಕ್ಕೆ ತೆಗೆದ ಎಚ್‌ಪಿ5ಗೆ ಮೈಕ್ರೋಫೆನ್ ಎಂಬ ಡೆವಲಪರಿನ ಸ್ಟಾಕ್ (ಮತ್ತೆ ನೀರು ಬೆರೆಸದ) ದ್ರಾವಣದಲ್ಲಿ 20 ಡಿಗ್ರಿಯಲ್ಲಿ 11 ನಿಮಿಷ ಎಂಬುದು ತಯಾರಕರ ಲೆಕ್ಕ. ಮಂಗಳೂರಿನ ನನ್ನ ಮನೆಯ ನಲ್ಲಿಯಲ್ಲಿ ಬರುವ ನೀರು ಅದಕ್ಕಿಂತ ಬಹಳ ಬೆಚ್ಚಗಿರುತ್ತದೆ. ಆ ಬಿಸಿಯಲ್ಲೇ ಡೆವಲಪ್ ಮಾಡಿದರೆ ಸಮಯ ತೀರಾ ಕಿರಿದಾಗಿ, ಸುರಿಯುವಾಗಿನ ಕೆಲವೇ ಸೆಕೆಂಡುಗಳ ವ್ಯತ್ಯಾಸವೂ ನೆಗೆಟಿವ್‌ನಲ್ಲಿ ಏರುಪೇರಾಗಿ ಕಾಣುತ್ತದೆ. ಮಂಜುಗಡ್ಡೆಯನ್ನು ಡೆವಲಪರಿಗೆ ಹಾಕಬೇಡಿ, ಅದು ತೆಳುವಾಗುತ್ತದೆ. ಬಾಟಲಿ ಮತ್ತು ಟ್ಯಾಂಕ್ ಎರಡನ್ನೂ ಮಂಜುಗಡ್ಡೆ ತೇಲಿಸಿದ ದೊಡ್ಡ ಬೇಸಿನ್ನಿನಲ್ಲಿಟ್ಟು, ಥರ್ಮಾಮೀಟರ್ 20ಕ್ಕೆ ಇಳಿಯುವವರೆಗೆ ಕಾಯಿರಿ.

ಚೇಂಜಿಂಗ್ ಬ್ಯಾಗಿನೊಳಗೆ (ಕೈ ತೂರಿಸಿ ಫಿಲ್ಮ್ ಸುತ್ತುವ, ಬೆಳಕು ನುಗ್ಗದ ಚೀಲ) ಕೈ ಬೆವರಿ, ಟ್ಯಾಂಕಿನ ಪ್ಲಾಸ್ಟಿಕ್ ರೀಲಿಗೆ ಫಿಲ್ಮ್ ಅಂಟಿಕೊಳ್ಳುವುದು ಇಲ್ಲಿ ಮಾಮೂಲು. ಈ ಫಿಲ್ಮ್ ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ ಡಾರ್ಕ್‌ರೂಮಿನ ಕೆಂಪು ದೀಪವನ್ನೂ ಹಚ್ಚುವಂತಿಲ್ಲ. ಸಾಧ್ಯವಿದ್ದರೆ ಬ್ಯಾಗ್ ಬಿಟ್ಟು, ಸಂದುಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ರಾತ್ರಿ ಹೊತ್ತು ಒಣಗಿದ ರೀಲಿಗೆ ಸುತ್ತಿ. ಫ್ರಿಜ್ಜಿನಲ್ಲಿಟ್ಟ ಹೊಸ ರೋಲನ್ನೂ ಕೋಣೆಯ ಬಿಸಿಗೆ ಬರುವ ತನಕ ಡಬ್ಬಿಯಿಂದ ತೆಗೆಯಬೇಡಿ, ತೇವ ಕಟ್ಟುತ್ತದೆ.

ಡೆವಲಪ್ ಆದ ಬಿಂಬವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣ ಕೂಡ 20 ಡಿಗ್ರಿಯ ಹತ್ತಿರವೇ ಇರಲಿ. ಕೊನೆಯಲ್ಲಿ ತೊಳೆಯುವ ನೀರನ್ನು ಮಾತ್ರ ಒಮ್ಮೆಲೇ ನಲ್ಲಿಗೆ ಬದಲಿಸದೆ, ತಣ್ಣೀರಿಗೆ ನಲ್ಲಿ ನೀರು ಬೆರೆಸಿ, ಎರಡು-ಮೂರು ಸಲ ಬದಲಿಸುತ್ತ ನಿಧಾನವಾಗಿ ಬಿಸಿ ಏರಿಸಿ. ತಣ್ಣೀರಿನಲ್ಲಿ ಉಬ್ಬಿದ ಜಿಲಾಟಿನ್ ಪದರಕ್ಕೆ ದಿಢೀರನೆ ಬೆಚ್ಚನೆಯ ನೀರು ತಾಗಿದರೆ ಅದು ಸುಕ್ಕುಗಟ್ಟುವ ಅಪಾಯವಿದೆ.