ಎಂಟು ಜೋಡಿಯ ಕೋಲಾಟ, ಏಳು ಜೋಡಿಗೆ

ಪ್ರಶ್ನೆ: ನಮ್ಮದು ಎಂಟು ಜೋಡಿಯ ಕೋಲಾಟದ ಮೇಳ. ಒಳಸುತ್ತಿನವರು, ಹೊರಸುತ್ತಿನವರು ಎದುರುಬದುರು ನಿಂತು, ಚರಣ ಮುಗಿದಾಗಲೆಲ್ಲ ಎಲ್ಲರೂ ಅವರವರ ಎಡಕ್ಕೆ ಒಂದು ಜಾಗ ಸರಿಯುತ್ತೇವೆ. ನಾಲ್ಕನೇ ಚರಣ ಮುಗಿದು ಸರಿದಾಗ ಮೊದಲಿನ ಜೊತೆಗಾರರೇ ಎದುರು ಬರುತ್ತಿದ್ದರು. ಈಗ ಒಂದು ಜೋಡಿ ಕಡಿಮೆಯಾಗಿದೆ, ಕೊನೆಗೆ ಎಲ್ಲರೆದುರೂ ಬೇರೆಯವರು! ಏನು ಮಾಡುವುದು? ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಜಡೆಯಂತೆ ಹೆಣೆದು ಬಿಚ್ಚುವ ಜಡೆ ಕೋಲಾಟಕ್ಕೂ ಈ ತೊಂದರೆ ಬರುತ್ತದೆಯೇ?
– ಓದುಗರೊಬ್ಬರು, ನಾಗಮಂಗಲ

ಉತ್ತರ: ನಿಮ್ಮ ಹೆಜ್ಜೆಯಲ್ಲಿ ತಪ್ಪಿಲ್ಲ, ಲೆಕ್ಕ ಬದಲಾಗಿದೆ. ಎದುರುಬದುರು ನಿಂತ ಇಬ್ಬರೂ ತಮ್ಮ ತಮ್ಮ ಎಡಕ್ಕೆ ಸರಿದರೆ ವಿರುದ್ಧ ದಿಕ್ಕಿಗೆ ಹೋಗುತ್ತಾರೆ. ಒಂದು ಸಲಕ್ಕೆ ಎರಡು ಜಾಗದ ಅಂತರ, ನಾಲ್ಕು ಸಲಕ್ಕೆ ಎಂಟು. ಎಂಟು ಜೋಡಿಗೆ ಅದು ತಾಳೆಯಾಗುತ್ತದೆ, ಏಳಕ್ಕೆ ಒಂದು ಹೆಚ್ಚಾಗುತ್ತದೆ.

ಪರಿಹಾರ ಸುಲಭ. ಮೊದಲ ಮೂರು ಚರಣಕ್ಕೆ ಎರಡೂ ಸುತ್ತು ಸರಿಯಲಿ. ನಾಲ್ಕನೆಯದಕ್ಕೆ ಹೊರಸುತ್ತು ಮಾತ್ರ ಸರಿಯಲಿ, ಒಳಗಿನವರು ನಿಂತಲ್ಲೇ ತಮ್ಮ ಎರಡು ಕೋಲನ್ನು ತಾವೇ ಬಡಿಯಲಿ. ಆರು ಮತ್ತು ಒಂದು, ಏಳು. ಆರೇ ಜೋಡಿ ಬಂದ ದಿನ ನಾಲ್ಕನೇ ಸಲ ಯಾರೂ ಸರಿಯಬಾರದು. ಒಳಗಿನವರಲ್ಲಿ ಒಬ್ಬರು ಮರೆತು ಸರಿದರೂ ಒಂದೇ ಜಾಗಕ್ಕೆ ಇಬ್ಬರಾಗುತ್ತಾರೆ. ಆದ್ದರಿಂದ ನಾಲ್ಕನೇ ಚರಣದ ಕೊನೆಯಲ್ಲಿ ತಾಳದವರು 'ಒಳಗೆ ನಿಲ್ಲಿ' ಎಂದು ಕೂಗಲೇಬೇಕು.

ಐದು ಜೋಡಿಗಿಂತ ಕಡಿಮೆಯಾದರೆ ಎರಡು ಸುತ್ತು ಬೇಡ. ಒಬ್ಬರಿಗೆ 3 ಅಡಿ ಬಿಟ್ಟರೂ ನಾಲ್ವರ ಒಳಸುತ್ತಿನ ಅಡ್ಡಳತೆ 4 ಅಡಿಯೂ ಆಗುವುದಿಲ್ಲ. ಬೆನ್ನಿಗೆ ಬೆನ್ನು ತಾಗಿ, ಕೋಲು ಎತ್ತಿದರೆ ಹಿಂದಿನವರ ಮೊಣಕೈಗೆ ಬೀಳುತ್ತದೆ. ಎದುರುಬದುರು ಎರಡು ಸಾಲು ಮಾಡಿಕೊಳ್ಳಿ.

ಇನ್ನು ಜಡೆ ಕೋಲಾಟ. ಇಲ್ಲಿ ಜೋಡಿ ಏಳಾದರೂ ಒಂಬತ್ತಾದರೂ ಜಡೆ ಬೀಳುತ್ತದೆ, ಒಟ್ಟು ಜನ ಮಾತ್ರ ಸರಿಸಂಖ್ಯೆ ಇರಬೇಕು. ಬಾರದ ಜೋಡಿಯ ಎರಡು ಹಗ್ಗವನ್ನು ಮೇಲಿನಿಂದಲೇ ಬಿಚ್ಚಿ, ಉಳಿದ ಹದಿನಾಲ್ಕನ್ನು ಸಮದೂರಕ್ಕೆ ಸರಿಸಿ ಕಟ್ಟಿ. ಖಾಲಿ ಹಗ್ಗ ನೇತಾಡಿದರೆ ಅದೂ ಜಡೆಯೊಳಗೆ ಸಿಕ್ಕಿಕೊಳ್ಳುತ್ತದೆ.

ನಿಜವಾಗಿ ಕೆಡುವುದು ಬಿಚ್ಚುವಾಗ. ಹೆಣೆಯುವಾಗ ಜೋಡಿಯ ಒಬ್ಬೊಬ್ಬರು ಒಂದೊಂದು ಗುಂಪಾಗಿ ವಿರುದ್ಧ ದಿಕ್ಕಿಗೆ ಹೋಗುತ್ತಾರೆ, ಎದುರಾದವರನ್ನು ಒಮ್ಮೆ ಹಾದುಹೋದರೆ ಒಂದು ದಾಟು. ಮೊದಲ ದಾಟಿನಲ್ಲಿ ಹೊರಗಿನಿಂದ ಹೋಗುವ ಗುಂಪು ಎರಡನೆಯದರಲ್ಲಿ ಒಳಗೆ ನುಗ್ಗುತ್ತದೆ, ಮೂರನೆಯದರಲ್ಲಿ ಮತ್ತೆ ಹೊರಗೆ. ಎಂಟು ಜೋಡಿಯಲ್ಲಿ ಎಂಟು ದಾಟು ಮುಗಿದಾಗ ತನ್ನ ಜೊತೆ ಮತ್ತೆ ಎದುರಾಗುತ್ತದೆ, ಹೆಣಿಗೆ ನಿಲ್ಲಿಸಲು ಅದೇ ಗುರುತು. ಎಂಟನೇ ದಾಟು ಈ ಗುಂಪಿಗೆ ಒಳಗಿನದು. ತಿರುಗಿ ನಿಂತು ಬಿಚ್ಚುವಾಗ ಮೊದಲು ಬಿಚ್ಚಬೇಕಾದದ್ದೂ ಅದೇ, ಹಾಗಾಗಿ ಒಳಗಿನಿಂದಲೇ ಹೊರಡಬೇಕು. ಕಾಲಿಗೆ ರೂಢಿಯಾಗಿರುವುದು ಇದು. ಏಳು ಜೋಡಿಯಲ್ಲಿ ಜೊತೆ ಎದುರಾಗುವುದು ಏಳು ದಾಟಿಗೆ, ಏಳನೆಯದು ಹೊರಗಿನ ದಾಟು. ರೂಢಿಯಂತೆ ಒಳಗೆ ನುಗ್ಗಿದರೆ ಜಡೆ ಬಿಚ್ಚುವ ಬದಲು ಗಂಟಾಗುತ್ತದೆ. ಎಳೆದರೆ ಇನ್ನೂ ಬಿಗಿ.

ಆದ್ದರಿಂದ ಜೊತೆಯ ಮುಖ ನೋಡಿ ನಿಲ್ಲಿಸಬೇಡಿ, ದಾಟು ಎಣಿಸಿ. ಆರಕ್ಕೋ ಎಂಟಕ್ಕೋ ನಿಲ್ಲಿಸಿದರೆ ಹಳೆಯ ರೂಢಿಯೇ ನಡೆಯುತ್ತದೆ, ಹೊಸದಾಗಿ ಕಲಿಯುವುದೇನೂ ಇಲ್ಲ. ಗಂಟು ಬಿದ್ದೇಬಿಟ್ಟರೆ ಎಲ್ಲರೂ ಹಗ್ಗ ಸಡಿಲಿಸಿ ನಿಂತಲ್ಲೇ ನಿಲ್ಲಿ. ತಪ್ಪು ದಾಟು ಹಾಕಿದವರಷ್ಟೇ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲಿ.